ಖುಷಿಗೂ ಒಂದು ಪಂಚಾಂಗ

ಹೆಮ್ಮಾಡಿ ಸೇವಂತಿಗೆಯ ಗುರಿ ಒಂದೇ, ಮಕರ ಸಂಕ್ರಾಂತಿ. ಕುಂದಾಪುರ ಬಿಟ್ಟು ಬೈಂದೂರಿನ ಕಡೆ ಹೊರಟರೆ ಸಂಗಮದ ಸೇತುವೆ ದಾಟಿ, ತಲ್ಲೂರು ಕಳೆದ ಮೇಲೆ ಹೆಮ್ಮಾಡಿ ಸಿಗುತ್ತದೆ. ಅಲ್ಲಿಯೂ ಆಸುಪಾಸಿನ ಕಟ್ಟು, ಜಾಲಾಡಿಗಳಲ್ಲಿಯೂ ಮಳೆಯ ಅಬ್ಬರ ಇಳಿಯುತ್ತಿದ್ದ ಹಾಗೆ ಸೇವಂತಿಗೆ ಸಸಿ ನೆಲಕ್ಕಿಳಿಯುತ್ತದೆ. ಪೇಟೆಯ ಹೂವಂಗಡಿಯಲ್ಲಿ ವರ್ಷವಿಡೀ ಸಿಗುವ, ಘಟ್ಟದ ಮೇಲಿಂದ ಬರುವ ದೊಡ್ಡ ಸೇವಂತಿಗೆಯ ಜಾತಿ ಇದಲ್ಲ. ಹೂವು ಸಣ್ಣದು, ಬಣ್ಣ ಅರಿಸಿನದ್ದು, ಪರಿಮಳ ಮಾತ್ರ ಕೊಯ್ದವರ ಬೆರಳಲ್ಲಿ ಸಂಜೆಯವರೆಗೂ ಇರುತ್ತದೆ. ವ್ಯಾಪಾರ ಸಾವಿರದ ಲೆಕ್ಕದಲ್ಲಿ. ಬೆಳೆಯ ಬಹುಪಾಲು ಹೋಗುವುದು ಚಿತ್ತೂರಿನ ಹತ್ತಿರದ ಮಾರಣಕಟ್ಟೆಗೆ. ಸಂಕ್ರಾಂತಿಯ ಜಾತ್ರೆಗೆ ಬಂದವರು ಬ್ರಹ್ಮಲಿಂಗೇಶ್ವರನಿಗೆ ಸೇವಂತಿಗೆ ಒಪ್ಪಿಸದೆ ಮರಳುವುದು ಕಡಿಮೆ.

ಹತ್ತು ದಿನ ಮೊದಲೇ ಅರಳಿತೋ, ಕೊಳ್ಳುವವರಿಲ್ಲ. ಹತ್ತು ದಿನ ತಡವಾಯಿತೋ, ಜಾತ್ರೆ ಮುಗಿದಿರುತ್ತದೆ. ಡಿಸೆಂಬರಿನಲ್ಲಿ ಅಕಾಲಕ್ಕೆ ಮೋಡ ಕವಿದರೆ, ಚಳಿ ಹೆಚ್ಚುಕಮ್ಮಿಯಾದರೆ ಬೆಳೆದವರ ಮುಖದಲ್ಲಿ ಅದು ಕಾಣುತ್ತದೆ. ಮನೆಮಂದಿಯೆಲ್ಲ ಹಿತ್ತಿಲಿಗೂ ಗದ್ದೆಗೂ ಓಡಾಡುತ್ತ ನೀರು ಹೊಯ್ದು ಕಾಯುವ ಈ ತಿಂಗಳುಗಳಲ್ಲಿ ಲಾಭ ನಷ್ಟದ ಲೆಕ್ಕ ಒಂದಿರುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಸಂಗತಿಯೂ ನಡೆಯುತ್ತಿರುತ್ತದೆ, ಅದಕ್ಕೆ ಲೆಕ್ಕಪುಸ್ತಕದಲ್ಲಿ ಕಾಲಂ ಇಲ್ಲ. ಜಾತ್ರೆ ಒಂದೆರಡು ದಿನದ್ದು. ಅದರ ಗಮ್ಮತ್ತು ಮಾತ್ರ ಸಸಿ ನೆಟ್ಟ ದಿನದಿಂದಲೇ ಊರಲ್ಲಿ ಓಡಾಡಿಕೊಂಡಿರುತ್ತದೆ.

ಈಚೆಗೆ ಖುಷಿಯ ಬಗ್ಗೆ ಸಿಗುವ ಸಲಹೆಗಳನ್ನು ನೋಡಿ. ಬೆಳಿಗ್ಗೆ ಎದ್ದು ಹತ್ತು ನಿಮಿಷ ಉಸಿರಾಟ ಗಮನಿಸಿ. ಮಲಗುವ ಮುನ್ನ ಅಂದಿನ ಮೂರು ಒಳ್ಳೆಯ ಸಂಗತಿ ಡೈರಿಯಲ್ಲಿ ಬರೆದಿಡಿ. ಕನ್ನಡಿ ನೋಡಿ ನಗಿ. ಇವು ತಪ್ಪೆಂದು ನಾನು ಹೇಳಲಾರೆ, ಗುಣ ಕಂಡವರಿದ್ದಾರೆ. ಆದರೆ ಈ ಎಲ್ಲ ಸಲಹೆಗಳಲ್ಲೂ ಇರುವುದು ಒಬ್ಬನೇ ಮನುಷ್ಯ, ಒಂದು ಕೋಣೆ, ಹಾಕಿಕೊಂಡ ಬಾಗಿಲು. ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂದು 2018ರಿಂದ ಮೂರು ತಾಲ್ಲೂಕಾಗಿ ಹಂಚಿಕೊಂಡಿರುವ ಈ ಕರಾವಳಿ ಪಟ್ಟಿಯ ಹಿರಿಯರಿಗೆ ಈ ಬಗೆಯ ಖುಷಿಯ ಪರಿಚಯವಿತ್ತೋ ಇಲ್ಲವೋ, ಅವರು ಅದನ್ನು ನೆಚ್ಚಿ ಕೂತವರಂತೂ ಅಲ್ಲ. ಖುಷಿಯನ್ನು ತಿಥಿಗೆ ಕಟ್ಟಿದರು, ಗದ್ದೆಗೆ ಕಟ್ಟಿದರು, ನೆರೆಮನೆಗೆ ಕಟ್ಟಿದರು. ಮನಸ್ಸು ಇದ್ದರೂ ಇಲ್ಲದಿದ್ದರೂ ದಿನ ಬಂದರೆ ಹೊರಡಲೇಬೇಕು. ಹೊರಟ ಮೇಲೆ ಮನಸ್ಸು ಹಿಂದಿನಿಂದ ಬಂದು ಕೂಡಿಕೊಳ್ಳುತ್ತದೆ ಎಂಬುದು ಅವರ ಅಂದಾಜು.

ಅಂದಾಜು ಅಷ್ಟೇನೂ ತಪ್ಪಿರಲಿಲ್ಲ. ನೆದರ್‌ಲೆಂಡ್ಸ್‌ನ ಸಂಶೋಧಕರು 1,530 ಮಂದಿಯ ಸಂತೋಷವನ್ನೂ ಅವರ ರಜಾ ಪ್ರವಾಸಗಳನ್ನೂ ಒಟ್ಟಿಗಿಟ್ಟು ನೋಡಿ 2010ರಲ್ಲಿ ಒಂದು ವರದಿ ಪ್ರಕಟಿಸಿದರು. ಪ್ರವಾಸಕ್ಕೆ ಹೊರಡಲಿರುವವರು ಹೊರಡದವರಿಗಿಂತ ಹೆಚ್ಚು ಸಂತೋಷವಾಗಿದ್ದರು. ಆದರೆ ಮರಳಿ ಬಂದ ಮೇಲೆ, ತುಂಬ ಆರಾಮವಾಗಿ ರಜೆ ಕಳೆದ ಕೆಲವರನ್ನು ಬಿಟ್ಟರೆ, ಇಬ್ಬರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಅಂದರೆ ಖುಷಿಯ ದೊಡ್ಡ ಪಾಲು ಹೊರಡುವ ಮೊದಲೇ ಖರ್ಚಾಗಿತ್ತು.

ಕಾಯುವುದನ್ನೇ ಒಂದು ಕಲೆ ಮಾಡಿಕೊಂಡ ಜಾಗ ಬೇಕೆಂದರೆ ಮಂದಾರ್ತಿಗೆ ಹೋಗಬೇಕು. ಬ್ರಹ್ಮಾವರದಿಂದ ಒಳಗೆ ಹೋದರೆ ಸಿಗುವ ಮಂದಾರ್ತಿ ದುರ್ಗಾಪರಮೇಶ್ವರಿಯ ಹೆಸರಲ್ಲಿ ಐದು ಯಕ್ಷಗಾನ ಮೇಳಗಳು ತಿರುಗಾಟ ಮಾಡುತ್ತವೆ. ಐದೂ ಮೇಳ ಸಾಲುವುದಿಲ್ಲ, ಹರಕೆ ಆಟಗಳ ಪಟ್ಟಿ ಅಷ್ಟು ಉದ್ದ. ಇಂದು ಹರಕೆ ಹೇಳಿಕೊಂಡವರ ಸರದಿ ಬರುವುದು ಎಷ್ಟೋ ವರ್ಷಗಳ ನಂತರ. ಮಗುವಾದರೆ ಆಟ ಆಡಿಸುತ್ತೇನೆಂದು ಹರಕೆ ಹೊತ್ತವರ ಮನೆಯಲ್ಲಿ ಆಟದ ದಿನ ಆ ಮಗು ಕುರ್ಚಿ ಹೊತ್ತು ಸಾಲು ಜೋಡಿಸುತ್ತಿರುತ್ತದೆ! ಇದನ್ನು ತಮಾಷೆಗೆ ಹೇಳುವುದುಂಟು, ಆದರೆ ತಮಾಷೆಯಷ್ಟೇ ಅಲ್ಲ. ಆ ಮನೆಯವರ ಪಾಲಿಗೆ ಅಷ್ಟೂ ವರ್ಷ ‘ನಮ್ಮನಿ ಆಟ’ ಎಂಬುದು ಮುಂದೆ ಇದ್ದೇ ಇರುತ್ತದೆ. ಮದುವೆ, ಮನೆ ಕಟ್ಟುವುದು, ಮಗನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದ್ದು ಎಲ್ಲವೂ ಆ ಆಟಕ್ಕೆ ಮೊದಲಿನದು ಅಥವಾ ನಂತರದ್ದು.

ಆಟದ ದಿನ ಬೆಳಿಗ್ಗೆಯಿಂದ ಆ ಮನೆಯ ಅಂಗಳದಲ್ಲಿ ನಿಂತು ನೋಡಬೇಕು. ಕಟಾವು ಮುಗಿದ ಗದ್ದೆಯ ಕೂಳೆ ಸವರಿ ನೆಲ ಸಮ ಮಾಡುವವರು ಒಂದು ಕಡೆ. ಒಲೆಯ ಮೇಲೆ ಹಂಡೆ ಏರಿಸಿ, ಕುಂಬಳಕಾಯಿಯ ರಾಶಿಯ ಮುಂದೆ ಕತ್ತಿ ಹಿಡಿದು ಕೂತವರು ಇನ್ನೊಂದು ಕಡೆ. ಮಧ್ಯಾಹ್ನದ ಹೊತ್ತಿಗೆ ಮೇಳದ ಲಾರಿ ಬರುತ್ತದೆ, ಪೆಟ್ಟಿಗೆಗಳು ಇಳಿಯುತ್ತವೆ, ಚೌಕಿ ಸಿದ್ಧವಾಗುತ್ತದೆ. ಸಂಜೆ ಅಲ್ಲಿ ಗಣಪತಿಯ ಮುಂದೆ ದೀಪ ಹಚ್ಚಿದ ಮೇಲೆ ಊರ ಮಕ್ಕಳು ಚೌಕಿಯ ಬಾಗಿಲು ಬಿಟ್ಟು ಕದಲುವುದಿಲ್ಲ. ಮಧ್ಯಾಹ್ನ ಪಂಚೆ ಉಟ್ಟು ಎಲೆಯಡಿಕೆ ಹಾಕುತ್ತಿದ್ದ ಮನುಷ್ಯ ಕನ್ನಡಿ ಹಿಡಿದು ಕೂತು, ಮುಖಕ್ಕೆ ಬಣ್ಣ ಎಳೆದು, ಅಟ್ಟೆಯ ಮೇಲೆ ಅಟ್ಟೆ ಸುತ್ತಿ ಮುಂಡಾಸು ಕಟ್ಟಿ ಮಹಿಷಾಸುರನಾಗುವುದನ್ನು ಒಂದಡಿ ದೂರದಿಂದ ನೋಡುವುದಿದೆಯಲ್ಲ, ರಂಗಸ್ಥಳದಲ್ಲಿ ನಡೆಯುವುದಕ್ಕಿಂತ ಅದೇ ದೊಡ್ಡ ಆಟ. ಹಾರಾಡಿ, ಮಟಪಾಡಿ ಎಂದು ಬಡಗುತಿಟ್ಟಿನ ಎರಡು ಶೈಲಿಗಳಿಗೇ ಹೆಸರು ಕೊಟ್ಟ ಹಳ್ಳಿಗಳು ಇದೇ ಬ್ರಹ್ಮಾವರದ ಮಗ್ಗುಲಲ್ಲಿವೆ. ಅಲ್ಲಿನ ಮಕ್ಕಳು ಕುಣಿತ ಕಲಿತದ್ದು ಎಷ್ಟೋ ಸಲ ಹೀಗೆ ಚೌಕಿಯ ಬಾಗಿಲಲ್ಲಿ ನಿಂತೇ.

ಹರಕೆ ಆಟಕ್ಕೆ ಟಿಕೆಟಿಲ್ಲ. ಕರೆಯೋಲೆ ಕಳಿಸುವುದುಂಟು, ಆದರೆ ಕರೆಯದವರು ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ‘ಹ್ವಾಯ್, ಆಟಕ್ ಬತ್ರ್ಯಾ?’ ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ ಅದೇ ಆಮಂತ್ರಣ. ಯಕ್ಷಗಾನ ಅರ್ಥವಾಗದವರೂ ಬರುತ್ತಾರೆ. ಅವರಿಗೆ ಚರುಮುರಿಯ ಗಾಡಿ ಇದೆ, ಬಹುದಿನದಿಂದ ಸಿಗದ ಮಾವನ ಮಗನಿದ್ದಾನೆ, ಪಟ್ಟಾಂಗ ಇದೆ. ದಕ್ಷಯಜ್ಞವೋ ಕ್ಷೇತ್ರ ಮಹಾತ್ಮೆಯೋ ಮುಂದೆ ನಡೆಯುತ್ತಿರುವಾಗ ಹಿಂದಿನ ಸಾಲಿನಲ್ಲಿ ಯಾರದೋ ಜಾಗದ ತಕರಾರು ಇತ್ಯರ್ಥವಾಗುತ್ತಿರುತ್ತದೆ, ಒಂದು ಹೆಣ್ಣು ನೋಡುವ ಶಾಸ್ತ್ರಕ್ಕೆ ದಿನ ನಿಕ್ಕಿಯಾಗುತ್ತಿರುತ್ತದೆ. ಕಲಾವಿಮರ್ಶಕರಿಗೆ ಇದು ಸಿಟ್ಟು ತರಿಸಬಹುದು. ನನಗಂತೂ ಈ ಹಿಂದಿನ ಸಾಲು ಇರುವುದರಿಂದಲೇ ಮುಂದಿನ ಸಾಲು ಉಳಿದಿದೆ ಅನಿಸಿದೆ.

ಕಾಯುವುದು ಒಂದಾದರೆ ಒಟ್ಟಿಗೆ ಮೈ ಬಗ್ಗಿಸುವುದು ಇನ್ನೊಂದು. ಕೋಟ ಪಡುಕೆರೆಯಿಂದ ಶಿರೂರಿನವರೆಗೆ ಈ ಕಡಲತೀರದಲ್ಲಿ ಒಂದು ಕಾಲಕ್ಕೆ ರಂಪಣಿ ಬಲೆಯದೇ ರಾಜ್ಯ. ದೋಣಿ ಬಲೆಯನ್ನು ಹೊತ್ತು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಡುತ್ತ ಹೋಗಿ ಮತ್ತೆ ದಡಕ್ಕೆ ಬರುತ್ತದೆ. ಎರಡು ತುದಿಯ ಹಗ್ಗ ಹಿಡಿದು ದಡದಲ್ಲಿ ಎರಡು ಸಾಲು ನಿಲ್ಲುತ್ತದೆ. ಮುಂದಿನವನು ಕೂಗಿಗೆ ಸರಿಯಾಗಿ ಎಳೆದರೆ ಹಿಂದಿನವರೆಲ್ಲ ಅದೇ ಹೆಜ್ಜೆಗೆ ಎಳೆಯಬೇಕು. ಒಬ್ಬ ತಪ್ಪಿದರೆ ಭಾರವೆಲ್ಲ ಪಕ್ಕದವನ ಮೇಲೆ. ಗಂಟೆಗಟ್ಟಲೆ ಎಳೆದು ಬಲೆ ದಡ ಮುಟ್ಟುವಾಗ ಬೈಗಿ, ಬಂಗುಡೆ ಬೆಳ್ಳಿಯ ಹಾಗೆ ಪಟಪಟ ಅನ್ನುತ್ತವೆ. ಎಳೆದವರಿಗೆಲ್ಲ ಪಾಲು. ಹಗ್ಗಕ್ಕೆ ಕೈ ಕೊಟ್ಟ ದಾರಿಹೋಕನೂ ಬರಿಗೈಯಲ್ಲಿ ಹೋಗುವುದಿಲ್ಲ. ಆ ದಿನ ಬಲೆಯಲ್ಲಿ ಬರೀ ಕಸ ಬಂದರೂ ಎಳೆದವರು ಮುಖ ಗಂಟಿಕ್ಕಿಕೊಂಡು ಮನೆಗೆ ಹೋದದ್ದು ಕಡಿಮೆ ಎಂದು ಹಳಬರು ಹೇಳುತ್ತಾರೆ.

ಹಳಬರ ಮಾತನ್ನು ಪೂರ್ತಿ ನಂಬಬೇಕಿಲ್ಲ, ಹಿಂದಿನದೆಲ್ಲ ಅವರಿಗೆ ಚೆಂದವೇ. ಆದರೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಅವರ ಪರವಾಗಿಯೇ ನಿಲ್ಲುತ್ತದೆ. ದೋಣಿ ಸ್ಪರ್ಧೆಯ ತಂಡದ 12 ಮಂದಿಯನ್ನು ವ್ಯಾಯಾಮದ ಯಂತ್ರದ ಮೇಲೆ ಒಮ್ಮೆ ಒಬ್ಬೊಬ್ಬರಾಗಿ, ಒಮ್ಮೆ ಒಟ್ಟಾಗಿ ಹುಟ್ಟು ಹಾಕಲು ಕೂರಿಸಿದರು. ದೇಹಕ್ಕೆ ಆದ ಶ್ರಮ ಎರಡೂ ಸಲ ಒಂದೇ. ಒಟ್ಟಿಗೆ ಹಾಕಿದ ಮೇಲೆ ಮಾತ್ರ ಅವರ ನೋವು ತಾಳುವ ಶಕ್ತಿ ಎದ್ದು ಕಾಣುವಷ್ಟು ಹೆಚ್ಚಿತ್ತು. ಮಿದುಳು ಬಿಡುಗಡೆ ಮಾಡುವ ಎಂಡಾರ್ಫಿನ್ ಎಂಬ ರಾಸಾಯನಿಕವೇ ಇದಕ್ಕೆ ಕಾರಣವಿರಬೇಕೆಂದು ಅವರ ಊಹೆ. ನೋವು ಮರೆಸುವ, ಹಾಯೆನಿಸುವ ರಾಸಾಯನಿಕ ಅದು. ಹನ್ನೆರಡೇ ಜನರ ಪ್ರಯೋಗ, ಹೆಚ್ಚು ಎಳೆಯಬಾರದು. ಆದರೂ ನಟ್ಟಿಯ ಗದ್ದೆಯಲ್ಲಿ ಸಾಲು ಹಿಡಿದು ಬಗ್ಗಿದ ಹೆಂಗಸರು ಸೊಂಟ ಬಿದ್ದುಹೋಗುವಷ್ಟು ದುಡಿದೂ ಹೊತ್ತು ಮುಳುಗುವಾಗ ನಗುತ್ತ ಹೊರಡುತ್ತಿದ್ದದ್ದು ಏಕೆಂದು ಅದು ಸ್ವಲ್ಪ ಹೇಳುತ್ತದೆ.

ರಂಪಣಿ ಉಳಿಯಲಿಲ್ಲ. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನು ದಡದ ಹತ್ತಿರ ಬರುವ ಮೊದಲೇ ಕಡಲಲ್ಲಿಯೇ ಬಾಚಿಕೊಂಡವು. ರಂಪಣಿಕಾರರು ಪ್ರತಿಭಟಿಸಿದರು, ಕೆಲವೇ ವರ್ಷಗಳಲ್ಲಿ ಸೋತರು. ಬಲೆ ಎಳೆದ ಕೈಗಳೇ ಬೋಟಿನ ಕೂಲಿಗೆ, ಇಲ್ಲವೇ ಮುಂಬಯಿಯ ಹೋಟೆಲಿಗೆ ಹೋದವು. ಈಗ ಅಲ್ಲಲ್ಲಿ ಕೈರಂಪಣಿ ಇದೆ, ಹೋದರೆ ಎಳೆಯಬಹುದು. ಕೆಲಸ ಹಗುರವಾದದ್ದು, ಆದಾಯ ಹೆಚ್ಚಾದದ್ದು ನಿಜ. ಅದನ್ನು ಬೇಡವೆಂದು ಹೇಳುವ ಹಕ್ಕು ಮೇಜಿನ ಮುಂದೆ ಕೂತು ಬರೆಯುವ ನನಗಿಲ್ಲ.

ಊಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಕುಂದಾಪುರದ ಕೋಳಿ ಸಾರಿನ ಹೆಸರೆತ್ತಿದರೆ ಲೇಖನ ದಿಕ್ಕು ತಪ್ಪುವ ಭಯವಿದೆ. ಇಲ್ಲಿ ಎದುರು ಸಿಕ್ಕವರನ್ನು ‘ಉಂಡ್ರ್ಯಾ?’ ಎಂದು ಕೇಳುವುದು ರೂಢಿ. ಹೊಸ ಭತ್ತದ ಹೊಸ್ತಿನ ಊಟದ ದಿನ ಹಿರಿಯರಿಗೆ ಹೇಳಿಯೇ ಮೊದಲ ತುತ್ತು ಎತ್ತಬೇಕು. ಯಾರೋ ಒಬ್ಬರು ಬಾರದೆ ಎಲೆಯ ಮುಂದೆ ಎಲ್ಲರೂ ಕಾಯುವುದೂ ಉಂಟು. 2025ರ ಜಾಗತಿಕ ಸಂತೋಷ ವರದಿಯಲ್ಲಿ ಫಿನ್ಲೆಂಡ್ ಮತ್ತೆ ಮೊದಲು, ಭಾರತ 118ನೆಯದು ಎಂದು ಪತ್ರಿಕೆಗಳೆಲ್ಲ ಬರೆದವು. ಅದೇ ವರದಿ ಜನ ಎಷ್ಟು ಊಟಗಳನ್ನು ಬೇರೆಯವರ ಜೊತೆ ಕೂತು ಉಣ್ಣುತ್ತಾರೆ ಎಂಬುದಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟದ್ದು ಅಷ್ಟು ಸುದ್ದಿಯಾಗಲಿಲ್ಲ. ಅಮೆರಿಕದಲ್ಲಿ 2023ರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಹಿಂದಿನ ದಿನದ ಎಲ್ಲ ಊಟವನ್ನೂ ಒಬ್ಬರೇ ಮಾಡಿದ್ದರಂತೆ. ಜೊತೆಯಲ್ಲಿ ಉಣ್ಣುವವರು ತಮ್ಮ ಬದುಕಿಗೆ ಹೆಚ್ಚು ಅಂಕ ಕೊಟ್ಟುಕೊಳ್ಳುತ್ತಾರೆ ಎಂಬುದು ದೇಶದಿಂದ ದೇಶಕ್ಕೆ ಕಂಡಿದೆ.

ಇಷ್ಟೆಲ್ಲ ಇದ್ದೂ ಈ ಊರಿನವರು ಊರು ಬಿಟ್ಟರು. ಗದ್ದೆ ಕಡಿಮೆ, ಬಾಯಿ ಹೆಚ್ಚು, ಮಳೆಗಾಲದಲ್ಲಿ ಹೊಟ್ಟೆಗೆ ತತ್ವಾರ. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಹೊರಟ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಲ್ಲಿ ತೆರೆದ ಚಿಕ್ಕ ಹೋಟೆಲೇ ಮುಂದೆ ಎಂಟಿಆರ್ ಆಯಿತು. ಹೆಸರಾಗದೆ ಮುಂಬಯಿಯ ಅಡುಗೆಮನೆಗಳಲ್ಲಿ ತಟ್ಟೆ ತೊಳೆದು ವಯಸ್ಸು ಕಳೆದವರು ಎಷ್ಟೋ ಪಟ್ಟು. ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು ದೂರದ ಕರೆಗೆ ಕಾಲು ಕೀಳುವ ಮನಸ್ಸಿನ ಬಗ್ಗೆ ಕನ್ನಡದ ಬಾಯಲ್ಲೆಲ್ಲ ನಲಿದ ಒಂದು ಕವಿತೆ ಬರೆದದ್ದು ಆಕಸ್ಮಿಕ ಅಂತ ನನಗೆ ಅನಿಸಿಲ್ಲ. ಮೊಗೇರಿಯಿಂದ ಕಡಲು ದೂರವಿಲ್ಲ, ಕಡಲಿನ ಪಕ್ಕ ಬೆಳೆದವರಿಗೆ ಆಚೆ ದಡದ ಯೋಚನೆ ಹುಟ್ಟಿನಿಂದಲೇ ಬರುತ್ತದೆ.

ಹೋದವರು ಕಳಿಸಿದ ದುಡ್ಡಿನಲ್ಲಿ ಎದ್ದ ಮನೆಗಳು ತ್ರಾಸಿ, ನಾವುಂದ, ಕೋಟ, ಸಾಲಿಗ್ರಾಮಗಳ ಒಳದಾರಿಗಳಲ್ಲಿ ಕಾಣುತ್ತವೆ. ಎರಡು ಮಹಡಿ, ಗ್ರಾನೈಟು, ಉದ್ದ ಕಾಂಪೌಂಡು, ಗೇಟಿಗೆ ಬೀಗ. ಒಳಗಿದ್ದರೆ ಇಬ್ಬರು ಮುದುಕರು, ಒಂದು ಟಿವಿ. 1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ದೊಡ್ಡ ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿದ್ದರು. ಲಾಟರಿ ಗೆದ್ದವರು ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ಸುಖಿಗಳಾಗಿರಲಿಲ್ಲ. ಅದಕ್ಕಿಂತ ಕುತೂಹಲದ್ದು ಇನ್ನೊಂದು: ಗೆಳೆಯರ ಜೊತೆ ಹರಟೆ, ತಿಂಡಿ ತಿನ್ನುವುದು, ಟಿವಿ ನೋಡುವುದು ಇಂಥ ಸಣ್ಣಪುಟ್ಟ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಖುಷಿ ಬೇರೆಯವರಿಗಿಂತ ಕಡಿಮೆಯಾಗಿತ್ತು. ಬೀಗ ಹಾಕಿದ ಮನೆಯ ಯಜಮಾನರು ಹರಕೆ ಆಟಕ್ಕೆ, ಕೋಟೇಶ್ವರದ ಕೊಡಿ ಹಬ್ಬಕ್ಕೆ, ದೈವದ ಕೋಲಕ್ಕೆ ಓಡೋಡಿ ಬರುವುದನ್ನು ನೋಡಿದರೆ, ಈ ಸಣ್ಣಪುಟ್ಟದ್ದರ ರುಚಿ ಹೋಗದಿರಲಿ ಎಂದು ಅವರೇ ಕಂಡುಕೊಂಡ ಉಪಾಯವೇನೋ ಅನಿಸುತ್ತದೆ. ಕೊಡಿ ಹಬ್ಬದಲ್ಲಿ ಹೊಸದಾಗಿ ಮದುವೆಯಾದ ಜೋಡಿ ಕಬ್ಬಿನ ಕೊಡಿ ಕೊಂಡೇ ಮನೆಗೆ ಹೋಗಬೇಕು. ದುಬೈಯಿಂದ ಹದಿನೈದು ದಿನದ ರಜೆ ಹಾಕಿ ಬಂದು ಕಬ್ಬು ಹಿಡಿದುಕೊಂಡು ನಡೆಯುವವರೂ ಇದ್ದಾರೆ.

ಇಲ್ಲಿಗೆ ನಿಲ್ಲಿಸಿದರೆ ಲೇಖನ ಚೆಂದ ಕಾಣುತ್ತಿತ್ತು. ಹಿಂದಿನವರ ಸಂತೋಷದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಯೇ ನಿಲ್ಲಿಸುತ್ತಾರೆ. ಆದರೆ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರನ್ನು ಓದಿದವರಿಗೆ ಹಾಗೆ ನಿಲ್ಲಿಸಲು ಬರುವುದಿಲ್ಲ. ‘ಮರಳಿ ಮಣ್ಣಿಗೆ’ ನಡೆಯುವುದು ಇದೇ ಕಡಲು ಹೊಳೆಗಳ ನಡುವಿನ ಕೋಡಿಯಲ್ಲಿ. ರಾಮ ಐತಾಳರ ಹೆಂಡತಿ ಪಾರೋತಿ, ವಿಧವೆ ಸೋದರಿ ಸರಸೋತಿ ಇಬ್ಬರೂ ಮನೆ, ದನ, ಗದ್ದೆ ಎಂದು ಬೆಳಗಿನಿಂದ ಕತ್ತಲೆಯವರೆಗೆ ದುಡಿಯುತ್ತಾರೆ. ಅವರ ನಡುವಿನ ಸಲುಗೆಯಲ್ಲಿ ಒಂದು ಸುಖವಿದೆ, ಅದನ್ನು ಕಾರಂತರು ಬಹಳ ಪ್ರೀತಿಯಿಂದ ಬರೆದಿದ್ದಾರೆ. ಮನೆಯ ಗಂಡಸರ ನೆಮ್ಮದಿಗೆ ಯಾರ ಬೆನ್ನು ಬಾಗಿತ್ತು ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಬರೆದಿದ್ದಾರೆ. ರಾತ್ರಿಯಿಡೀ ಆಟ ನೋಡಿ ಬೆಳಿಗ್ಗೆ ಬಂದು ಮಲಗಿದವರಿಗೆ ಕಾಫಿ ಕೊಟ್ಟವರು ಆಟಕ್ಕೆ ಹೋಗಿದ್ದರೇ?

ಇದಕ್ಕಿಂತ ಕಹಿಯಾದದ್ದೂ ಇದೆ. ಈ ನಾಡಿನ ಹಬ್ಬ, ಕಂಬಳಗಳ ಹಿಂದಿನ ರಾತ್ರಿಯಿಂದ ಡೋಲು ಬಾರಿಸುತ್ತಿದ್ದವರು ಕೊರಗರು. ಅವರಿಗೆ ಅದು ಹಬ್ಬವಾಗಿರಲಿಲ್ಲ, ಅಜಲು ಎಂಬ ಕಟ್ಟುಪಾಡಾಗಿತ್ತು. ಕೂಲಿಯಿಲ್ಲದೆ ಬಾರಿಸಬೇಕು, ಕಂಬಳಕ್ಕೆ ಮೊದಲು ಗದ್ದೆಯಲ್ಲಿ ಕೋಣಗಳಂತೆ ಓಡಬೇಕು, ಬೇರೆಯವರ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಬೇಕು. ಇದನ್ನೆಲ್ಲ ಕಾನೂನಿನ ಭಾಷೆಯಲ್ಲಿಯೇ ಪಟ್ಟಿ ಮಾಡಿ, ಅಪರಾಧವೆಂದು ಸಾರಿ, ಕರ್ನಾಟಕ ಸರ್ಕಾರ 2000ದಲ್ಲಿ ಅಜಲು ನಿಷೇಧ ಕಾಯಿದೆ ತರಬೇಕಾಯಿತು. 2000! ನೂರು ವರ್ಷ ಹಿಂದಿನ ಮಾತಲ್ಲ. ಊರೆಲ್ಲ ಸೇರಿ ನಗುವ ಕಡೆ ನಗೆಗೆ ಈಡಾಗುವವರು ಯಾರು ಎಂದು ಕೇಳದೆ ಊರಿನ ಸಂತೋಷದ ಲೆಕ್ಕ ಹಾಕಿದರೆ ಅದು ಸುಳ್ಳು ಲೆಕ್ಕ.

ಕಾರಂತರ ‘ಚೋಮನ ದುಡಿ’ 1933ರದ್ದು. ಚೋಮನಿಗೆ ಬೇಕಿದ್ದದ್ದು ಒಂದು ತುಂಡು ಗದ್ದೆ, ತಾನೇ ಉಳುವ ಹಕ್ಕು. ಅದು ಸಿಗುವುದಿಲ್ಲ, ದುಡಿಯೊಂದೇ ಉಳಿಯುತ್ತದೆ, ಅದನ್ನು ಬಡಿಯುತ್ತಲೇ ಸಾಯುತ್ತಾನೆ. ಆ ಕಾದಂಬರಿ ಬಂದು ಅರವತ್ತು ವರ್ಷಕ್ಕೆ, 1993ರ ಆಗಸ್ಟ್ 18ರಂದು, ಕೊರಗರು ಭೂಮಿಯ ಹಕ್ಕು ಕೇಳಿ ಮಂಗಳೂರಿನಲ್ಲಿ ಮೆರವಣಿಗೆ ನಡೆಸಿದರು. ಆ ದಿನವನ್ನೇ ಅವರು ಪ್ರತಿ ವರ್ಷ ‘ಭೂಮಿ ಹಬ್ಬ’ವಾಗಿ ಆಚರಿಸುತ್ತ ಬಂದಿದ್ದಾರೆ. ಅಲ್ಲಿಯೂ ಡೋಲು ಬಾರಿಸುತ್ತಾರೆ. ಯಾರೂ ಹೇಳಿ ಬಾರಿಸುವುದಲ್ಲ, ಅದೇ ವ್ಯತ್ಯಾಸ. ಪಂಚಾಂಗದಲ್ಲಿ ತಮಗೆ ದಿನವಿಲ್ಲದವರು ತಾವೇ ಒಂದು ದಿನ ಬರೆದುಕೊಂಡರು. ಈ ಮೂರು ತಾಲ್ಲೂಕುಗಳಲ್ಲಿ ಖುಷಿಯ ಬಗ್ಗೆ ನಾನು ಕಂಡ ಎಲ್ಲ ಸಂಗತಿಗಳಲ್ಲಿ ಹೆಚ್ಚು ಯೋಚನೆಗೆ ಹಚ್ಚಿದ್ದು ಇದು.

ಹಬ್ಬವನ್ನು ಹೊಸದಾಗಿ ಹುಟ್ಟಿಸಬಹುದು ಎಂಬುದಕ್ಕೆ ಇನ್ನೊಂದು ಸಾಕ್ಷಿ ಆಸಾಡಿ ಅಮಾಸಿ. ಜಡಿಮಳೆಯ ದಿನಗಳು, ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ, ಶುಭಕಾರ್ಯಕ್ಕೆ ಮುಹೂರ್ತವಿಲ್ಲ, ಕೈಯಲ್ಲಿ ದುಡ್ಡಿಲ್ಲ. ಬೆಳಿಗ್ಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು, ಅದರ ಕಹಿ ಕುಡಿದವರಿಗೇ ಗೊತ್ತು. ಅಂಥ ದಿನವೇ ಮರವಂತೆಯ ಮಹಾರಾಜಸ್ವಾಮಿಗೆ ಜಾತ್ರೆ. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದರಲ್ಲಿ ಸೌಪರ್ಣಿಕಾ, ನಡುವೆ ದೇವಸ್ಥಾನ ಮತ್ತು ರಾಷ್ಟ್ರೀಯ ಹೆದ್ದಾರಿ 66. ಎರಡೂ ನೀರಲ್ಲಿ ಮಿಂದು ಬರುವವರು, ಕೊಡೆ ಹಿಡಿದ ನವದಂಪತಿಗಳು, ಕಡಲು ಕಾಯಲೆಂದು ಬೇಡಿಕೊಳ್ಳುವ ಮೀನುಗಾರರು ಎಲ್ಲರೂ ಅಲ್ಲಿ ತೊಯ್ದು ತೊಪ್ಪೆ. 2019ರಿಂದ ಇದೇ ಅಮಾವಾಸ್ಯೆಯನ್ನು ವಿಶ್ವ ಕುಂದಾಪ್ರ ಕನ್ನಡ ದಿನವಾಗಿ ಆಚರಿಸುತ್ತಿದ್ದಾರೆ. ಕೆಸರು ಗದ್ದೆಯಲ್ಲಿ ಹಗ್ಗಜಗ್ಗಾಟ, ಅಡಿಕೆ ಹಾಳೆಯ ಮೇಲೆ ಕೂರಿಸಿ ಎಳೆಯುವ ಓಟ, ಭಾಷೆಯ ಒಗಟು, ಹರಟೆ. ಬೆಂಗಳೂರಿಗೂ ಹಬ್ಬಿದೆ. ಸಿನಿಮಾದಿಂದ ಕುಂದಾಪ್ರ ಮಾತಿಗೆ ಬಂದ ಬೆಲೆಯನ್ನು ನೆಚ್ಚಿ ವೇದಿಕೆ ಮೇಲೆ ಭಾಷಣ ಬಿಗಿಯುವವರೂ ಇದ್ದಾರೆ, ಅವರನ್ನು ಬಿಡಿ. ಕೈಯಲ್ಲಿ ಕಾಸಿಲ್ಲದ, ಆಕಾಶ ಬಿರಿದು ಸುರಿಯುವ ದಿನವನ್ನೇ ಆರಿಸಿಕೊಂಡರಲ್ಲ, ಅದು ನನಗೆ ಹಿಡಿಸಿತು. ಎಲ್ಲ ಸರಿಯಾದ ಮೇಲೆ ಖುಷಿಪಡೋಣ ಎಂದು ಕೂತರೆ ಕರಾವಳಿಯ ಮಳೆಗಾಲದಲ್ಲಿ ಆ ದಿನ ಬರುವುದೇ ಇಲ್ಲ.

ಹಳೆಯ ವ್ಯವಸ್ಥೆಗಳೂ ಸುಮ್ಮನೆ ಕೂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಹಾಕುವ ನಿಯಮ, ಮರುದಿನ ಕೆಲಸಕ್ಕೆ ಹೋಗಬೇಕಾದವರ ನಿದ್ದೆ ಎರಡೂ ಸೇರಿ ಹಲವು ಆಟಗಳು ಕಾಲಮಿತಿಗೆ ಇಳಿದಿವೆ. ಬೆಳಗಿನವರೆಗಿನ ಆಟ ಹೋಯಿತೆಂದು ಮರುಗುವವರ ಜೊತೆ ನಾನೂ ಒಂದು ನಿಟ್ಟುಸಿರು ಬಿಡುತ್ತೇನೆ. ಆದರೆ ಆಟ ಬೇಗ ಮುಗಿಯುವ ಕಾರಣಕ್ಕೇ ಸಣ್ಣ ಮಕ್ಕಳ ತಾಯಂದಿರು ಕೊನೆಯ ಮಂಗಳದವರೆಗೆ ಕೂತಿರುವುದೂ ಕಾಣುತ್ತದೆ. ಆಟಕ್ಕೆ ಹೋಗದೆ ಕಾಫಿ ಕಾಯಿಸಿದವರ ಸಾಲ ಅಷ್ಟಾದರೂ ತೀರಲಿ.

ಇನ್ನು ಹೂವಿನಕೋಲು. ನವರಾತ್ರಿಯಲ್ಲಿ ಮಕ್ಕಳ ಪುಟ್ಟ ತಂಡವೊಂದು ಭಾಗವತರು, ಮದ್ದಳೆಯವರ ಜೊತೆ ಮನೆಮನೆಗೆ ಬಂದು, ಹೂ ಸುತ್ತಿದ ಕೋಲು ನಡುವೆ ಇಟ್ಟುಕೊಂಡು ಎದುರುಬದುರು ಕೂತು, ಪ್ರಸಂಗದ ಒಂದು ತುಣುಕು ಅರ್ಥ ಹೇಳಿ, ಮನೆಗೆ ಒಳ್ಳೆಯದಾಗಲೆಂದು ಹರಸಿ ಹೋಗುವ ಪದ್ಧತಿ ಅದು. ಹತ್ತು ವರ್ಷದ ಕೃಷ್ಣ, ಒಂಬತ್ತರ ಅರ್ಜುನ. ಅರ್ಜುನನಿಗೆ ಮಾತು ಮರೆತರೆ ಭಾಗವತರು ಮತ್ತೊಮ್ಮೆ ಪದ ಎತ್ತಿ ಕಾಪಾಡುತ್ತಾರೆ. ಕೃಷ್ಣ ತನ್ನ ಪಾಲಿನದ್ದರ ಜೊತೆ ಅವನದ್ದನ್ನೂ ಹೇಳಿ ಮುಗಿಸಿ ಗೆದ್ದವನ ಹಾಗೆ ನೋಡುವುದೂ ಉಂಟು. ಮನೆಯವರು ಅಕ್ಕಿ, ತೆಂಗಿನಕಾಯಿ, ಕಾಣಿಕೆ ಕೊಟ್ಟು ಕಳಿಸುತ್ತಾರೆ. ಯಕ್ಷಗಾನ ಕಲಿಯುವ ಮಕ್ಕಳಿಗೆ ಮೊದಲ ರಂಗಸ್ಥಳವೇ ನೆರೆಯವರ ಜಗಲಿ. ಒಂದು ಕಾಲಕ್ಕೆ ಮರೆಗೆ ಸರಿದಿದ್ದ ಇದನ್ನು ಊರಿನ ಕಲಾಸಂಘಗಳು ಮತ್ತೆ ಎತ್ತಿಕೊಂಡಿವೆ. ಕಾರ್ಕಡ ಶ್ರೀನಿವಾಸ ಉಡುಪ, ಎಚ್. ಶ್ರೀಧರ ಹಂದೆಯವರು 1970ರ ದಶಕದಲ್ಲಿ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳ, ಮಕ್ಕಳ ಕೈಗೆ ಕಲೆ ಕೊಟ್ಟರೆ ಏನಾಗುತ್ತದೆಂದು ಆಗಲೇ ತೋರಿಸಿತ್ತು. ಮೊದಲು ಹುಡುಗರಷ್ಟೇ ಕೂರುತ್ತಿದ್ದ ಜಾಗದಲ್ಲಿ ಈಗ ಹುಡುಗಿಯರೂ ಕೂರುತ್ತಾರೆ. ದ್ರೌಪದಿಯ ಮಾತು ಅವರ ಬಾಯಲ್ಲಿ ಬೇರೆಯೇ ಕೇಳಿಸುತ್ತದೆ.

ತೊಂದರೆ ಇರುವುದು ಮಕ್ಕಳ ಕಡೆಯಲ್ಲ, ಮನೆಗಳ ಕಡೆ. ಮೊದಲು ತಂಡ ದೀಪ ಕಂಡ ಮನೆಗೆ ಹತ್ತುತ್ತಿತ್ತು. ಈಗ ಗೇಟಿದೆ, ನಾಯಿಯಿದೆ, ಬರುವ ಮೊದಲು ಫೋನ್ ಮಾಡಿ ಎನ್ನುವವರಿದ್ದಾರೆ. ಫೋನ್ ಮಾಡಿಯೇ ಬರುತ್ತಾರೆ, ಅದಕ್ಕೇನೂ ಬೇಸರವಿಲ್ಲ. ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ಚಾಪೆ ಹಾಸಿ, ದೀಪ ಹಚ್ಚಿ, ಒಂದು ತಂಬಿಗೆ ನೀರಿಟ್ಟರೆ ಸಾಕು. ಕೇಳುವುದಕ್ಕೆ ಪಕ್ಕದ ಎರಡು ಮನೆಯವರನ್ನು ಕರೆದು ಕೂರಿಸುವ ಜವಾಬ್ದಾರಿ ಮಾತ್ರ ಮನೆಯವರದ್ದು. ಹೆಸರು ಗೊತ್ತಿಲ್ಲದಿದ್ದರೆ ಮೊದಲು ಅದನ್ನು ಕೇಳಿ ತಿಳಿದುಕೊಳ್ಳಬೇಕಾಗುತ್ತದೆ.